ಸಂತೆಗಳ ಊರು ಪ್ರೊವ್ಯಾಂ

ಪ್ಯಾರಿಸ್ಸಿನ ಆಗ್ನೇಯಕ್ಕಿರುವ ಪ್ರೊವ್ಯಾಂ ಎಂಬ ಪುಟ್ಟ ಪಟ್ಟಣವು 12 ಮತ್ತು 13ನೆಯ ಶತಮಾನಗಳಲ್ಲಿ ಶಾಂಪೇನ್ ಸಂತೆಗಳಿಗೆ, ಅಂದರೆ ಆ ಪ್ರಾಂತದ ನಾಲ್ಕು ಊರುಗಳಲ್ಲಿ ವರ್ಷವಿಡೀ ಸರದಿಯಂತೆ ವಾರಗಟ್ಟಲೆ ಕೂಡುತ್ತಿದ್ದ ದೊಡ್ಡ ವ್ಯಾಪಾರಕೂಟಗಳಿಗೆ, ಹೆಸರಾಗಿತ್ತು. ಫ್ಲಾಂಡರ್ಸಿನ ಉಣ್ಣೆಬಟ್ಟೆಯೂ ಇಟಲಿಯ ವರ್ತಕರು ತಂದ ಮೆಣಸು, ರೇಷ್ಮೆಗಳೂ ಇಲ್ಲಿ ಬಿಕರಿಯಾಗುತ್ತಿದ್ದವು. ಸಂತೆಗೆ ಬಂದುಹೋಗುವವರ ರಕ್ಷಣೆಯ ಹೊಣೆಯನ್ನು ಪ್ರಾಂತದ ಒಡೆಯರಾದ ಕೌಂಟರು ಹೊತ್ತದ್ದೇ ಈ ಏಳಿಗೆಯ ನಿಜವಾದ ಬುನಾದಿ ಎನ್ನಬೇಕು. ಪ್ರೊವ್ಯಾಂನಲ್ಲಿ ಟಂಕಿಸಿದ ದೆನಿಯೆ ಎಂಬ ಬೆಳ್ಳಿನಾಣ್ಯಕ್ಕೆ ಎಷ್ಟು ಮನ್ನಣೆಯಿತ್ತೆಂದರೆ, ರೋಮ್ ನಗರವೇ ಅದರ ಮಾದರಿಯಲ್ಲಿ ನಾಣ್ಯ ಹೊಡೆಸಿತು. ಸರಕು ಕಾಪಿಡುತ್ತಿದ್ದ ಕಮಾನು ಚಾವಣಿಯ ನೆಲಮಾಳಿಗೆಗಳೂ ಕೋಟೆಗೋಡೆಗಳೂ ಇಂದಿಗೂ ಉಳಿದಿರುವ ಈ ಊರು 2001ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಕವಿಯೂ ಆಗಿದ್ದ ಕೌಂಟ್ ನಾಲ್ಕನೆಯ ತಿಬೊ ಧರ್ಮಯುದ್ಧದಿಂದ ಮರಳುವಾಗ ಗುಲಾಬಿಯನ್ನು ತಂದನೆಂಬುದು ಐತಿಹ್ಯವಷ್ಟೇ ಆದರೂ, ಅದರ ಎಸಳುಗಳಿಂದ ಗುಲ್ಕಂದಿನಂಥ ಸಿಹಿಪಾಕವನ್ನು ಊರಿನವರು ಈಗಲೂ ತಯಾರಿಸಿ ಮಾರುತ್ತಾರೆ.