ಪಾಸಾದವರನ್ನು ಯಾರು ಕೇಳುತ್ತಾರೆ?

ಅಮೆರಿಕದ ಅಟ್ಲಾಂಟಾದ ಜಾರ್ಜಿಯಾ ಸ್ಟೇಟ್ ಯೂನಿವರ್ಸಿಟಿ ತನ್ನ ಹಳೆಯ ವಿದ್ಯಾರ್ಥಿಗಳ ಗ್ರೇಡ್‌ಗಳನ್ನು ಕೆದಕಿ ನೋಡಿದಾಗ ಒಂದು ಸಂಗತಿ ಎದ್ದು ಕಂಡಿತು. ರಾಜ್ಯಶಾಸ್ತ್ರ ಆಯ್ದುಕೊಂಡವರಲ್ಲಿ, ಆ ವಿಷಯದ ಮೊದಲ ಕೋರ್ಸಿನಲ್ಲಿ ಎ ಅಥವಾ ಬಿ ಪಡೆದ ನಾಲ್ವರಲ್ಲಿ ಸುಮಾರು ಮೂವರು ಪದವಿ ಮುಗಿಸಿದ್ದರು. ಸಿ ಪಡೆದ ನಾಲ್ವರಲ್ಲಿ ಒಬ್ಬರಷ್ಟೇ! ಸಿ ಅಂದರೆ ಪಾಸು ತಾನೆ. ಪಾಸಾದವರನ್ನು ಕರೆದು ವಿಚಾರಿಸುವ ರೂಢಿ ಎಲ್ಲಿರುತ್ತದೆ?

2012ರಲ್ಲಿ ಅಲ್ಲಿ ಶುರುವಾದ ಕಂಪ್ಯೂಟರ್ ವ್ಯವಸ್ಥೆ ದಿನವೂ ಪ್ರತಿ ವಿದ್ಯಾರ್ಥಿಯ ದಾಖಲೆಯಲ್ಲಿ 800 ಬಗೆಯ ಅಪಾಯದ ಸುಳಿವುಗಳನ್ನು ಹುಡುಕುತ್ತದೆ. ಬೇಡದ ಕೋರ್ಸಿಗೆ ಹೆಸರು ಕೊಟ್ಟರೂ ಸಲಹೆಗಾರರಿಗೆ ಸೂಚನೆ ಹೋಗುತ್ತದೆ.

ಇಷ್ಟೇ ಆಗಿದ್ದರೆ ಅದು ಸಾಫ್ಟ್‌ವೇರ್ ಜಾಹೀರಾತು. ವಿಶ್ವವಿದ್ಯಾಲಯ 40ಕ್ಕೂ ಹೆಚ್ಚು ಹೊಸ ಸಲಹೆಗಾರರನ್ನು ನೇಮಿಸಿ, ಒಬ್ಬರ ಪಾಲಿಗೆ ಬರುತ್ತಿದ್ದ ಸುಮಾರು 700 ವಿದ್ಯಾರ್ಥಿಗಳನ್ನು 300ರ ಆಸುಪಾಸಿಗೆ ಇಳಿಸಿತು. ಶುಲ್ಕದಲ್ಲಿ ಅಷ್ಟಿಷ್ಟು ಬಾಕಿ ಉಳಿದು ಓದು ಬಿಡುವ ಅಂಚಿನಲ್ಲಿದ್ದವರನ್ನು ತಾನೇ ಗುರುತಿಸಿ, ಸಣ್ಣ ಮೊತ್ತದ ನೆರವು ಕೊಟ್ಟಿತು. 2003ರಲ್ಲಿ ಶೇ 32ರಷ್ಟಿದ್ದ ಪದವಿ ಪೂರೈಸುವವರ ಪ್ರಮಾಣ ಒಂದು ದಶಕದಲ್ಲಿ ಶೇ 50 ದಾಟಿತು.

ಕರ್ನಾಟಕದ ವಿಶ್ವವಿದ್ಯಾಲಯಗಳಿಗೂ 2021ರಿಂದ ಯುಯುಸಿಎಂಎಸ್ ಎಂಬ ಏಕೀಕೃತ ಆನ್‌ಲೈನ್ ನಿರ್ವಹಣಾ ವ್ಯವಸ್ಥೆ ಬಂದಿದೆ. ಪ್ರವೇಶ, ಪರೀಕ್ಷೆ, ಫಲಿತಾಂಶ ಎಲ್ಲ ಒಂದೇ ಕಡೆ. ಇಷ್ಟು ಮಾಹಿತಿ ಸೇರಿಸಿಟ್ಟು ಅಂಕಪಟ್ಟಿಗಷ್ಟೇ ಬಳಸಿದರೆ ದಂಡ. ಮೊದಲ ಸೆಮಿಸ್ಟರಿನಲ್ಲಿ ಎಡವಿದವರ ಪಟ್ಟಿ ಫಲಿತಾಂಶ ಬಂದ ವಾರವೇ ಕಾಲೇಜಿನ ಮೇಷ್ಟ್ರ ಕೈ ಸೇರಲಿ. ಅವರನ್ನು ಕೂರಿಸಿ ಮಾತಾಡಿಸಲು ಮೇಷ್ಟ್ರಿಗೆ ಬಿಡುವೂ ಸಿಗಲಿ.