ಅವ್ವನ ಮಾತು

ಹಣದ ಸಾಲಕ್ಕೆ ಪತ್ರವುಂಟು, ಸಾಕ್ಷಿಯುಂಟು. ಮನೆಯವರು ಆಡಿದ ಒಳ್ಳೆಯ ಮಾತಿನ ಸಾಲಕ್ಕೆ ಅವೊಂದೂ ಇಲ್ಲ. ಆದುದರಿಂದ ಅದನ್ನು ಮರೆಯುವುದು ಬಹಳ ಸುಲಭ. ನಾನೂ ಬಹುಕಾಲ ಮರೆತಿದ್ದೆ.

ನಾನು ಬ್ಯಾಡಗಿಯವನು. ನನ್ನ ಬಾಲ್ಯದಲ್ಲಿ ನಮ್ಮೂರು ಧಾರವಾಡ ಜಿಲ್ಲೆಗೆ ಸೇರಿತ್ತು. ಹಾವೇರಿ ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ. ನಮ್ಮದು ಬಡ ಕ್ರೈಸ್ತ ಕುಟುಂಬ. ಅಪ್ಪ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲನಾಗಿದ್ದ. ಅವ್ವ ದಿನಗೂಲಿಗೆ ಕಾಯಿಗಳ ತೊಟ್ಟು ಬಿಡಿಸುತ್ತಿದ್ದಳು. ರಾತ್ರಿ ಎಲ್ಲರೂ ಕೂಡಿ ಪ್ರಾರ್ಥನೆ ಮಾಡುವಾಗ ಅವಳು ಉರಿಯುವ ಕೈಗಳನ್ನೇ ಜೋಡಿಸುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

1974ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ನಾನು ಗಣಿತದಲ್ಲಿ ನಪಾಸಾದೆ. "ಹಮಾಲನ ಮಗ ಹಮಾಲನೇ ಆಗಬೇಕು" ಎಂದು ಓಣಿಯಲ್ಲಿ ಯಾರೋ ನಕ್ಕರು. ನಾನು ಪುಸ್ತಕಗಳನ್ನು ಗಂಟು ಕಟ್ಟಿ ಅಟ್ಟದ ಮೇಲಿಟ್ಟು, ನಾಳೆಯಿಂದ ಪೇಟೆಗೆ ಹೋಗುವೆನೆಂದೆ. ಅಪ್ಪ ತಲೆತಗ್ಗಿಸಿ ಕುಳಿತ. ಅವ್ವ ಮರದಲ್ಲಿದ್ದ ಒಂದು ಕಾಯಿಯನ್ನು ನನ್ನ ಅಂಗೈಯಲ್ಲಿಟ್ಟಳು.

"ಇದರ ಮೈ ನೋಡು ತಮ್ಮಾ, ಎಷ್ಟು ಸುಕ್ಕು ಅದಾವ! ಸುಕ್ಕು ಅಂತ ಯಾರರ ಚೆಲ್ಲತಾರೇನು? ಬಣ್ಣ ನೋಡಿ ತಗೋತಾರ. ನಿನ್ನೊಳಗೂ ದೇವರು ಬಣ್ಣ ಇಟ್ಟಾನ. ಇನ್ನೊಮ್ಮೆ ಪರೀಕ್ಷಾ ಬರಿ" ಎಂದಳು.

ಬ್ಯಾಡಗಿಯ ಕಾಯಿ ಖಾರಕ್ಕಿಂತ ಕಡುಗೆಂಪು ಬಣ್ಣಕ್ಕೆ ಹೆಸರಾದುದು. ಅಕ್ಷರ ಬಾರದ ಅವ್ವನಿಗೆ ಅದೇ ಪಠ್ಯಪುಸ್ತಕವಾಯಿತು. ನಾನು ಮತ್ತೆ ಬರೆದೆ, ತೇರ್ಗಡೆಯಾದೆ. ರಾಣೆಬೆನ್ನೂರಿನಲ್ಲಿದ್ದ ಅಕ್ಕ ತನ್ನ ಮನೆಯಲ್ಲಿಟ್ಟುಕೊಂಡು ನನ್ನನ್ನು ಕಾಲೇಜಿಗೆ ಕಳಿಸಿದಳು. "ರೊಟ್ಟಿ ಲೆಕ್ಕ ಮಾಡಬ್ಯಾಡ, ಹೊಟ್ಟೆತುಂಬ ಉಂಡು ಓದು" ಎನ್ನುತ್ತಿದ್ದಳು. ಮುಂದೆ ಎಂ.ಎ. ಮುಗಿಸಿ ಹಾವೇರಿಯಲ್ಲಿ ಅಧ್ಯಾಪಕನಾದೆ.

ಒಂದು ದಿನ ಹುಡುಗನೊಬ್ಬನ ಉತ್ತರಪತ್ರಿಕೆಯನ್ನು ಕಂಡು, "ನಿನಗೆ ವಿದ್ಯೆ ಹತ್ತುವುದಿಲ್ಲ" ಎಂದು ತರಗತಿಯ ಮುಂದೆಯೇ ಬೈದುಬಿಟ್ಟೆ. ಅವನು ಎರಡು ದಿನ ಶಾಲೆಗೆ ಬರಲಿಲ್ಲ. ಮೂರನೆಯ ದಿನ ನಾನೇ ಅವನ ಮನೆಗೆ ಹೋಗಿ, ಆಡಿದ ಮಾತಿಗೆ ಕ್ಷಮೆ ಕೇಳಿ, ಸುಕ್ಕುಗಟ್ಟಿದ ಕಾಯಿಯ ಕಥೆಯನ್ನು ಹೇಳಿದೆ. ಅವನ ಮುಖ ಅರಳಿತು. ಹಿಂದಿರುಗುವಾಗ ನನಗೊಂದು ವಿಚಾರ ಹೊಳೆಯಿತು: ಅವ್ವನ ಮಾತಿನಿಂದ ಇಷ್ಟು ದೂರ ಬಂದ ನಾನು ಅವಳಿಗೆ ಅದನ್ನು ಒಮ್ಮೆಯೂ ಹೇಳಿರಲಿಲ್ಲ!

ಯೇಸುಸ್ವಾಮಿಯಿಂದ ಹತ್ತು ಮಂದಿ ಕುಷ್ಠರೋಗಿಗಳು ಗುಣಹೊಂದಿದರೂ ಕೃತಜ್ಞತೆ ಸಲ್ಲಿಸಲು ಮರಳಿ ಬಂದವನು ಒಬ್ಬನೇ, ಅವನೂ ಸಮಾರ್ಯದವನು ಎಂಬ ಪ್ರಸಂಗ ಲೂಕನ ಸುವಾರ್ತೆಯಲ್ಲಿದೆ. ಉಳಿದ ಒಂಬತ್ತು ಮಂದಿಯಲ್ಲಿ ನಾನೂ ಒಬ್ಬನೆನಿಸಿತು. ಆ ಭಾನುವಾರವೇ ಬ್ಯಾಡಗಿಗೆ ಹೋಗಿ ಅವ್ವನಿಗೆ ಎಲ್ಲವನ್ನೂ ಹೇಳಿದೆ.

"ನಾ ಹಂಗ ಅಂದಿದ್ದೆನೇನು? ನನಗ ನೆನಪಿಲ್ಲೋ ತಮ್ಮಾ" ಎಂದು ನಕ್ಕಳು. ಸ್ವಲ್ಪ ತಡೆದು, "ಆ ಹುಡುಗ ಈಗ ಸಾಲಿಗೆ ಬರತಾನೇನು?" ಎಂದು ಕೇಳಿದಳು.

ಆಡಿದವರು ಮರೆತರೂ ಒಳ್ಳೆಯ ಮಾತು ಕೇಳಿದವರಲ್ಲಿ ಬದುಕಿರುತ್ತದೆ. ನಮ್ಮ ಜಿಲ್ಲೆಯ ಅಬಲೂರು, ಮಾಸೂರುಗಳೊಡನೆ ಹೆಸರು ಬೆಸೆದಿರುವ ಸರ್ವಜ್ಞನ ವಚನಗಳು ತಲೆಮಾರುಗಳಿಂದ ಜನರ ನಾಲಗೆಯ ಮೇಲೆ ಉಳಿದುಬಂದುವು. ಅವುಗಳನ್ನು ಶ್ರಮವಹಿಸಿ ಸಂಗ್ರಹಿಸಿ 1924ರಲ್ಲಿ ಗ್ರಂಥವಾಗಿ ಕೊಟ್ಟವರು ಕ್ರೈಸ್ತ ಧರ್ಮೋಪದೇಶಕರಾದ ಉತ್ತಂಗಿ ಚನ್ನಪ್ಪನವರು. ಕೇಳಿದ ಒಳ್ಳೆಯ ಮಾತನ್ನು ಮುಂದಿನವರಿಗೆ ಮುಟ್ಟಿಸುವುದೂ ಋಣ ತೀರಿಸುವ ಒಂದು ದಾರಿ.

ಅವ್ವ ಇಂದು ಇಲ್ಲ. ಆ ಭಾನುವಾರ ಹೋಗಿ ಹೇಳಿಬಂದೆನಲ್ಲ ಎಂಬುದೇ ನನಗಿರುವ ಸಮಾಧಾನ. ನಿಮ್ಮ ಮನೆಯಲ್ಲಿಯೂ ನಿಮಗೆ ಧೈರ್ಯ ಹೇಳಿದವರು ಇರಬಹುದು. ಅವರು ಆ ಮಾತನ್ನು ಮರೆತಿದ್ದರೆ, ನೀವೇ ನೆನಪು ಮಾಡಿಕೊಡಿರಿ.