ತಿರುಗುವ ಸ್ಪೀಕರಿನ ಪೆಟ್ಟಿಗೆ

ಲೆಸ್ಲಿ ಸ್ಪೀಕರ್ ಎಂದರೆ ವಿದ್ಯುತ್ ಆರ್ಗನ್ನಿನ ಸ್ವರವನ್ನು ಸುತ್ತಿಸಿ ಹೊರಬಿಡುವ ಮರದ ಪೆಟ್ಟಿಗೆ. ಒಳಗಿರುವ ಸ್ಪೀಕರುಗಳು ಕದಲುವುದಿಲ್ಲ. ಅವುಗಳ ಬಾಯಿಗೆ ಜೋಡಿಸಿದ ಭಾಗಗಳು ಮಾತ್ರ ತಿರುಗುತ್ತವೆ. ಮೇಲೆ ತಾರಸ್ವರಗಳಿಗೆ ಎರಡು ಬಾಯಿಯ ಹಾರ್ನ್, ಕೆಳಗೆ ಮಂದ್ರಕ್ಕೆ ಮರದ ಡ್ರಮ್, ಒಂದು ತಿರುಗುವುದಕ್ಕೆ ಎದುರು ದಿಕ್ಕಿನಲ್ಲಿ ಇನ್ನೊಂದು. ಹ್ಯಾಮಂಡ್ ಆರ್ಗನ್ ಎಂದೊಡನೆ ಕಿವಿಗೆ ನೆನಪಾಗುವ ಆ ಅಲೆಯಲೆಯಾದ ನಾದದಲ್ಲಿ ಅರ್ಧಪಾಲು ಈ ಪೆಟ್ಟಿಗೆಯದೇ.

ಹ್ಯಾಮಂಡ್ ಆರ್ಗನ್ ಮಾರುಕಟ್ಟೆಗೆ ಬಂದದ್ದು 1935ರಲ್ಲಿ. ಕ್ಯಾಲಿಫೋರ್ನಿಯಾದ ಡೊನಾಲ್ಡ್ ಲೆಸ್ಲಿ 1937ರಲ್ಲಿ ಒಂದನ್ನು ಕೊಂಡ. ಅಂಗಡಿಯ ವಿಶಾಲ ಹಜಾರದಲ್ಲಿ ತುಂಬಿ ಮೊಳಗಿದ್ದ ವಾದ್ಯ ಅವನ ಮನೆಯ ಕೋಣೆಯಲ್ಲಿ ಸಪ್ಪೆಯಾಯಿತು. ಚರ್ಚಿನ ಕೊಳವೆ ಆರ್ಗನ್ನಿನಲ್ಲಿ ಒಂದೊಂದು ಸ್ವರವೂ ಒಂದೊಂದು ಕೊಳವೆಯಿಂದ, ಬೇರೆಬೇರೆ ಜಾಗದಿಂದ ಹೊರಡುತ್ತದೆ. ಹ್ಯಾಮಂಡ್‌ನಲ್ಲಿ ಎಲ್ಲವೂ ಒಂದೇ ಸ್ಪೀಕರಿನಿಂದ ಬರುತ್ತಿತ್ತು. ನಾದ ಹುಟ್ಟುವ ಜಾಗವನ್ನೇ ಚಲಿಸುವಂತೆ ಮಾಡಿದರೆ ಈ ಕೊರತೆ ನೀಗುತ್ತದೆ ಎಂದು ಲೆಸ್ಲಿ ಕಂಡುಕೊಂಡ. ಅವನ ಪೆಟ್ಟಿಗೆಯನ್ನು ಹ್ಯಾಮಂಡ್ ಕಂಪನಿ ಒಪ್ಪಲಿಲ್ಲ. 1941ರಿಂದ ಅವನೇ ಅದನ್ನು ತಯಾರಿಸಿ ಮಾರತೊಡಗಿದ. ತನ್ನ ಮನೆಯ ಆರ್ಗನ್ನಿಗಾಗಿ ತಾನೇ ಪ್ರಯೋಗ ಮಾಡಿದವನ ಕೈಯಿಂದ ಬಂದ ವಸ್ತು ಇದು. ಆದ್ದರಿಂದ ಇಂದು ಮನೆಯಲ್ಲಿ ಇದನ್ನು ಕಟ್ಟುವವರು ಮಾಡುವುದು ಬರಿಯ ನಕಲು ಅಲ್ಲ, ಮೂಲದ ದಾರಿಯಲ್ಲೇ ನಡೆಯುವುದು.

ಕಟ್ಟುವ ಮುನ್ನ ತತ್ತ್ವ ತಿಳಿದಿರಬೇಕು. ಹಾರ್ನಿನ ಬಾಯಿ ಕೇಳುಗನ ಕಡೆಗೆ ಬರುವಾಗ ಶ್ರುತಿ ಕೊಂಚ ಏರುತ್ತದೆ, ದೂರ ಸರಿಯುವಾಗ ಇಳಿಯುತ್ತದೆ. ಇದು 1842ರಲ್ಲಿ ಕ್ರಿಶ್ಚಿಯನ್ ಡಾಪ್ಲರ್ ವಿವರಿಸಿದ ಪರಿಣಾಮ. ಬಾಯಿ ಅಕ್ಷದಿಂದ 18 ಸೆಂ.ಮೀ. ದೂರದಲ್ಲಿದ್ದು ನಿಮಿಷಕ್ಕೆ 400 ಸುತ್ತು ತಿರುಗಿದರೆ ಅದರ ವೇಗ ಸೆಕೆಂಡಿಗೆ ಸುಮಾರು 7.5 ಮೀಟರ್, ಅಂದರೆ ಶಬ್ದದ ವೇಗದ ನೂರಕ್ಕೆ ಎರಡರಷ್ಟು. ಶ್ರುತಿ ಆಗ ಹಾರ್ಮೋನಿಯಮ್ಮಿನ ಪಕ್ಕಪಕ್ಕದ ಎರಡು ಮನೆಗಳ ಅಂತರದ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಮೇಲೂ ಕೆಳಗೂ ತೂಗುತ್ತದೆ. ಜೊತೆಗೆ ದನಿಯ ಗಟ್ಟಿತನವೂ, ಬಣ್ಣವೂ ಪ್ರತಿ ಸುತ್ತಿಗೆ ಬದಲಾಗುತ್ತವೆ. ಇಷ್ಟೇ ಆಗಿದ್ದರೆ ಬಯಲಿನಲ್ಲಿಟ್ಟರೂ ಸಾಕಿತ್ತು. ಕೋಣೆಯ ಗೋಡೆಗಳು ಬೇರೆಬೇರೆ ಕ್ಷಣದಲ್ಲಿ ಹೊರಟ, ಬೇರೆಬೇರೆ ಶ್ರುತಿಯ ಪ್ರತಿಧ್ವನಿಗಳನ್ನು ಹಿಂದಿರುಗಿಸಿ ಬೆರೆಸುವುದರಿಂದಲೇ ಆ ತುಂಬುನಾದ ಹುಟ್ಟುತ್ತದೆ. ಮಂದ್ರದಲ್ಲಿ ಕಥೆ ಬೇರೆ. 100 ಹರ್ಟ್ಸ್ ಸ್ವರದ ಅಲೆಯುದ್ದ ಸುಮಾರು 3.4 ಮೀಟರ್, ಅಷ್ಟು ಉದ್ದದ ಅಲೆಯನ್ನು ಚಿಕ್ಕ ಡ್ರಮ್ ಒಂದೇ ದಿಕ್ಕಿಗೆ ತಿರುಗಿಸಲಾರದು. ಅಲ್ಲಿ ಸಿಗುವುದು ಮುಖ್ಯವಾಗಿ ದನಿಯ ಏರಿಳಿತದ ಮಿಡಿತ.

ಪೆಟ್ಟಿಗೆಗೆ 18 ಮಿ.ಮೀ. ಪ್ಲೈವುಡ್ ಒಳ್ಳೆಯದು, ತೆಳುವಾದ ಹಲಗೆ ತಾನೇ ನಡುಗಿ ಶಬ್ದ ಮಾಡುತ್ತದೆ. ಒಳಗೆ ಮೂರು ಅಂತಸ್ತು: ಮೇಲೆ ಹಾರ್ನ್, ನಡುವೆ ಸ್ಪೀಕರುಗಳು ಮತ್ತು ಮೋಟಾರು, ಕೆಳಗೆ ಡ್ರಮ್. ಮೇಲಿನ, ಕೆಳಗಿನ ಅಂತಸ್ತುಗಳಿಗೆ ಸುತ್ತಲೂ ಪಟ್ಟಿಪಟ್ಟಿಯಾದ ಕಿಂಡಿಗಳಿರಬೇಕು. ಮೂಲ ಮಾದರಿಯಲ್ಲಿ 15 ಇಂಚಿನ ವೂಫರ್ ಮುಖ ಕೆಳಗೆ ಮಾಡಿ ಕೂರುತ್ತದೆ. ಮನೆಯಲ್ಲಿ ಕಟ್ಟುವುದಕ್ಕೆ 12 ಇಂಚಿನದೂ ಸಾಕು. ಡ್ರಮ್ಮಿಗೆ ಎರಡು ಪ್ಲೈವುಡ್ ಚಕ್ರಗಳ ನಡುವೆ ಬಾಗಿಸಿದ ತಗಡೋ ತೆಳು ಪ್ಲೈಯೋ ಕೂರಿಸಿ, ಮೇಲಿಂದ ಬಿದ್ದ ನಾದ ಪಕ್ಕಕ್ಕೆ ಹೊರಳುವಂತೆ ಮಾಡಬೇಕು. ಹೊರಗೆ ತೆಳುಬಟ್ಟೆ ಸುತ್ತಿದರೆ ಗಾಳಿ ಸೀಳುವ ಶಬ್ದ ಅಡಗುತ್ತದೆ.

ಹಾರ್ನ್ ಹೆಚ್ಚು ನಾಜೂಕಿನ ಕೆಲಸ. ತಾರಸ್ವರದ ಡ್ರೈವರ್ ಕೆಳಗೆ ಸ್ಥಿರವಾಗಿ ನಿಂತು ಕೊಳವೆಯ ಮೂಲಕ ಮೇಲಕ್ಕೆ ಊದುತ್ತದೆ. ಹಾರ್ನಿನ ಬುಡ ಆ ಕೊಳವೆಯ ಸುತ್ತ ಬೇರಿಂಗಿನ ಮೇಲೆ ತಿರುಗುತ್ತದೆ. ಕೊಳವೆಯ ಹೊರವ್ಯಾಸ 25 ಮಿ.ಮೀ. ಇದ್ದರೆ 6005 ನಂಬರಿನ ಬೇರಿಂಗ್ ಸರಿಯಾಗಿ ಕೂರುತ್ತದೆ. ಎರಡು ಬಾಯಿಗಳಲ್ಲಿ ಒಂದು ಮಾತ್ರ ನುಡಿಯುತ್ತದೆ, ಇನ್ನೊಂದು ಮುಚ್ಚಿದ್ದು. ಅದು ಇರುವುದು ತೂಕ ಸರಿದೂಗಲಿಕ್ಕೆ. ಈ ಸಮತೋಲದಲ್ಲಿ ಉದಾಸೀನ ಸಲ್ಲದು. ಅಕ್ಷವನ್ನು ಅಡ್ಡವಾಗಿ ಹಿಡಿದು ಸಡಿಲ ಬಿಟ್ಟಾಗ ಭಾರವಾದ ಬದಿ ಕೆಳಗೆ ಬರುತ್ತದೆ. ಎಲ್ಲಿ ಬಿಟ್ಟರೂ ಅಲ್ಲೇ ನಿಲ್ಲುವವರೆಗೆ ಎದುರು ಬದಿಗೆ ತೂಕ ಅಂಟಿಸುತ್ತಾ ಹೋಗಬೇಕು.

ಸ್ವರಗಳನ್ನು ಎರಡಾಗಿ ಹಂಚುವ ಕ್ರಾಸ್‌ಓವರ್ ಮೂಲದಲ್ಲಿ 800 ಹರ್ಟ್ಸ್ ಬಳಿ ಇದೆ. 8 ಓಮ್ ಸ್ಪೀಕರುಗಳಿಗೆ ಎರಡು ಹಂತದ ಜಾಲವಾದರೆ ಸುಮಾರು 17.6 ಮೈಕ್ರೋಫ್ಯಾರಡ್ ಕೆಪಾಸಿಟರ್, 2.25 ಮಿಲಿಹೆನ್ರಿ ಕಾಯಿಲ್ ಒಂದೊಂದು ಕವಲಿಗೂ ಬೇಕು. 122 ಎಂಬ ಪ್ರಸಿದ್ಧ ಮಾದರಿಯ 40 ವಾಟ್ ವಾಲ್ವ್ ಆಂಪ್ಲಿಫೈಯರ್ ಜೋರಾಗಿ ನುಡಿಸಿದಾಗ ಒರಟಾಗುತ್ತದೆ. ಆ ಒರಟುತನ ಆರ್ಗನ್ ವಾದಕರಿಗೆ ಪ್ರಿಯ.

ಇಷ್ಟೆಲ್ಲ ಸರಿಯಾದ ಮೇಲೂ ಪೆಟ್ಟಿಗೆ ವಾದ್ಯವಾಗುವುದು ವೇಗ ಬದಲಾಗುವ ಹೊತ್ತಿನಲ್ಲಿ. ಅದಕ್ಕೆ ಎರಡು ವೇಗಗಳಿವೆ: ನಿಧಾನದ್ದು ನಿಮಿಷಕ್ಕೆ 40 ಸುತ್ತಿನ ಆಸುಪಾಸು, ಜೋರಿನದು 400ರ ಹತ್ತಿರ. ತಲೆಯ ಮೇಲಿನ ಸೀಲಿಂಗ್ ಫ್ಯಾನ್ ಪೂರ್ಣ ವೇಗದಲ್ಲಿ ಹೆಚ್ಚುಕಡಿಮೆ ಅಷ್ಟೇ ತಿರುಗುತ್ತದೆ. ವಾದಕ ಸ್ವಿಚ್ ಒತ್ತಿದಾಗ ಹಗುರವಾದ ಹಾರ್ನ್ ಸುಮಾರು ಒಂದು ಸೆಕೆಂಡಿನಲ್ಲಿ ವೇಗ ಹಿಡಿಯುತ್ತದೆ, ಭಾರದ ಡ್ರಮ್ ಹಲವು ಸೆಕೆಂಡು ಹಿಂದೆ ಉಳಿಯುತ್ತದೆ. ತಾರವೂ ಮಂದ್ರವೂ ಬೇರೆಬೇರೆ ನಡೆಯಲ್ಲಿರುವ ಆ ಅವಧಿಗಾಗಿಯೇ ಒಳ್ಳೆಯ ವಾದಕ ಕಾದಿದ್ದು, ಸಾಲಿನ ಕೊನೆಯ ದೀರ್ಘಸ್ವರಕ್ಕೆ ಸ್ವಿಚ್ ಒತ್ತುತ್ತಾನೆ. ಆದ್ದರಿಂದ ಹಾರ್ನ್ ಹಗುರವಾಗಿರಬೇಕು, ಡ್ರಮ್ ಭಾರವಾಗಿರಬೇಕು. ಎರಡನ್ನೂ ಒಂದೇ ಮೋಟಾರಿಗೆ ಕಟ್ಟಬಾರದು.

ಮೂಲದಲ್ಲಿ ಒಂದೊಂದು ತಿರುಗುವ ಭಾಗಕ್ಕೂ ಜೋಡಿ ಮೋಟಾರುಗಳಿವೆ. ನಿಧಾನದ ಚಿಕ್ಕ ಮೋಟಾರು ರಬ್ಬರ್ ಬಳೆಯ ಚಕ್ರದ ಮೂಲಕ ದೊಡ್ಡದರ ಅಕ್ಷವನ್ನು ತಿರುಗಿಸುತ್ತದೆ. ಅಮೆರಿಕದ 60 ಹರ್ಟ್ಸ್ ವಿದ್ಯುತ್ತಿಗೆ ಮಾಡಿದ ಮೋಟಾರು ಭಾರತದ 50 ಹರ್ಟ್ಸ್‌ನಲ್ಲಿ ಆರನೇ ಒಂದು ಪಾಲು ನಿಧಾನವಾಗುತ್ತದೆ. ವೋಲ್ಟೇಜ್ ಇಳಿಸಿಕೊಂಡರಷ್ಟೇ ಸಾಲದು, ಪುಲ್ಲಿಯನ್ನೂ ಬದಲಿಸಬೇಕು. ಇಲ್ಲಿಯ 1425 ಸುತ್ತಿನ ಇಂಡಕ್ಷನ್ ಮೋಟಾರಿಗೆ 4 ಸೆಂ.ಮೀ. ಪುಲ್ಲಿ, ಹಾರ್ನಿಗೆ 14 ಸೆಂ.ಮೀ. ಪುಲ್ಲಿ ಹಾಕಿದರೆ 400 ದಾಟುತ್ತದೆ. ಎರಡು ವೇಗವೂ ಸುಲಭವಾಗಿ ಬೇಕೆಂದರೆ ವೇಗ ನಿಯಂತ್ರಕವಿರುವ ಡಿಸಿ ಮೋಟಾರು ಮೇಲು. ಗೇರ್ ಇರುವ ವೈಪರ್ ಮೋಟಾರು ಗೊರಗುಟ್ಟಿ ಮೆಲುಸ್ವರಗಳನ್ನು ಕೆಡಿಸುತ್ತದೆ. ಬೆಲ್ಟನ್ನು ಕೊಂಚ ಸಡಿಲ ಬಿಟ್ಟರೆ ಅದು ಜಾರಿ, ವೇಗ ಮೆಲ್ಲಗೆ ಏರುತ್ತದೆ. ಮೋಟಾರಿನ ಕಾಲಿಗೆ ರಬ್ಬರ್ ಬುಷ್, ಲೋಹದ ಭಾಗಗಳಿಗೆಲ್ಲ ಅರ್ಥಿಂಗ್, ತಿರುಗುವ ಭಾಗಗಳ ಮುಂದೆ ಬೆರಳು ತೂರದ ಜಾಲರಿ ಕಡ್ಡಾಯ. ಮೊದಲ ಸಲ ಓಡಿಸುವಾಗ ನಿಧಾನದ ವೇಗದಲ್ಲಿ ಸ್ವಲ್ಪ ಹೊತ್ತು ಬಿಟ್ಟು, ಅಲುಗಾಟವಿಲ್ಲವೆಂದು ಖಚಿತವಾದ ಮೇಲೆ ಜೋರಿಗೆ ಹೋಗಬೇಕು.

ಇದು ಆರ್ಗನ್ನಿಗಷ್ಟೇ ಮೀಸಲಲ್ಲ. 1966ರಲ್ಲಿ ಬೀಟಲ್ಸ್ ತಂಡ ಜಾನ್ ಲೆನನ್‌ನ ಕಂಠವನ್ನೇ ಲೆಸ್ಲಿಯ ಮೂಲಕ ಹಾಯಿಸಿತು. ಮರುವರ್ಷ ಫೆಂಡರ್ ಕಂಪನಿ ಗಿಟಾರಿಗಾಗಿ ಒಂದೇ ಡ್ರಮ್ಮಿನ ಸಣ್ಣ ಪೆಟ್ಟಿಗೆ ತಂದಿತು. ಮೊದಲ ಸಲ ಕಟ್ಟುವವರಿಗೆ ಈ ಒಂಟಿ ಡ್ರಮ್ಮಿನ ಮಾದರಿ ಒಳ್ಳೆಯ ಅಭ್ಯಾಸ: 10 ಇಂಚಿನ ಒಂದು ಸ್ಪೀಕರ್, ಅದರ ಮುಂದೆ ಥರ್ಮಾಕೋಲಿನಲ್ಲಿ ಕೊರೆದ ಡ್ರಮ್, ಒಂದು ಮೋಟಾರು, ಕ್ರಾಸ್‌ಓವರಿನ ಗೊಡವೆಯಿಲ್ಲ. ಪೆಟ್ಟಿಗೆ ದೊಡ್ಡದಿರಲಿ ಚಿಕ್ಕದಿರಲಿ, ಗೋಡೆಗೆ ಒತ್ತಿ ಇಡದೆ ಎರಡಡಿ ಮುಂದಿಟ್ಟರೆ ಹಿಂಬದಿಯ ಕಿಂಡಿಗಳ ನಾದವೂ ಕೋಣೆಗೆ ಸಲ್ಲುತ್ತದೆ. ರೆಕಾರ್ಡಿಂಗಿಗೆ ಹಾರ್ನಿನ ಎರಡು ಬದಿಗೆ ಎರಡು ಮೈಕು, ಡ್ರಮ್ಮಿಗೆ ಒಂದು ಇಡುವುದು ವಾಡಿಕೆ. ಮೇಲಿನ ಮೈಕುಗಳನ್ನು ಕಿಂಡಿಯಿಂದ ಸ್ವಲ್ಪ ದೂರವಿಟ್ಟರೆ ಹಾರ್ನ್ ಬೀಸುವ ಗಾಳಿಯ ಸದ್ದು ಸೇರುವುದಿಲ್ಲ.